ಹಳೆಯ ಸೈಫರ್ ತೆಗೆದು ಹೊಸದನ್ನು ತರುವುದು: ಶಾಖೆಗಳ ನಡುವಿನ ಸುರಕ್ಷಿತ ಸಂಪರ್ಕಕ್ಕೊಂದು ಸಮಗ್ರ ಮಾರ್ಗದರ್ಶಿ

ಶಿರಸಿಯ ಒಂದು ಸಹಕಾರಿ ಸಂಘದ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಪ್ರಧಾನ ಕಚೇರಿ ಶಿರಸಿಯಲ್ಲಿದೆ. ಸಿದ್ದಾಪುರ, ಯಲ್ಲಾಪುರ, ಕುಮಟಾಗಳಲ್ಲಿ ಶಾಖೆಗಳೂ ಕಾರವಾರದಲ್ಲಿ ಒಂದು ಸಣ್ಣ ಕಚೇರಿಯೂ ಇವೆ. ಅಡಿಕೆಯ ಆವಕ, ಟೆಂಡರಿನ ದರ, ಸದಸ್ಯರ ಖಾತೆ, ಗೋದಾಮಿನ ಕ್ಯಾಮೆರಾ ದೃಶ್ಯ ಎಲ್ಲವೂ ಓಪನ್‌ವಿಪಿಎನ್ ಎಂಬ ಸಾಫ್ಟ್‌ವೇರ್ ಇಂಟರ್ನೆಟ್ಟಿನೊಳಗೆ ಕಟ್ಟುವ ಗುಟ್ಟಿನ ದಾರಿಯ, ಅಂದರೆ ಸುರಂಗದ, ಮೂಲಕವೇ ಶಿರಸಿಗೆ ಬರುತ್ತವೆ. ಈ ಜವಾಬ್ದಾರಿ ನನ್ನ ಪಾಲಿಗೆ ಬಂದ ದಿನ ಸರ್ವರಿನ ಸೆಟ್ಟಿಂಗ್ ಫೈಲನ್ನು ತೆರೆದು ನೋಡಿದಾಗ ಅದರಲ್ಲಿ ಸೈಫರಿನ, ಅಂದರೆ ಮಾಹಿತಿಯನ್ನು ಕೀಲಿಯಿಂದ ಗುಟ್ಟಾಗಿಸುವ ವಿಧಾನದ, ಸಾಲೇ ಇರಲಿಲ್ಲ. ಏನೂ ಬರೆದಿಲ್ಲ ಎಂದರೆ ಏನೂ ಆರಿಸಿಲ್ಲ ಎಂದು ತಿಳಿಯಬಾರದು. ಆ ಹಳೆಯ ಆವೃತ್ತಿಯಲ್ಲಿ ಸಾಲು ಇಲ್ಲದಿದ್ದರೆ ಸಾಫ್ಟ್‌ವೇರ್ ತಾನಾಗಿಯೇ ಬ್ಲೋಫಿಶ್ ಎಂಬ 1993ರ ಸೈಫರನ್ನು ಹಿಡಿಯುತ್ತಿತ್ತು. ಸದಸ್ಯರ ಖಾತೆಯ ವಿವರಗಳೆಲ್ಲ ಅಷ್ಟು ವರ್ಷ, ಯಾರೂ ಕೂತು ಯೋಚಿಸದ ಒಂದು ಆಯ್ಕೆಯ ಮೇಲೆ ಓಡಾಡಿದ್ದವು.

ಅದನ್ನು ಬದಲಿಸುವಾಗ ಕಲಿತದ್ದನ್ನು, ಒಂದು ತಪ್ಪು ಹೆಜ್ಜೆಯನ್ನೂ ಸೇರಿಸಿ, ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಸೊಸೈಟಿ, ಆಸ್ಪತ್ರೆ, ಕಾಲೇಜು, ಬೈತಖೋಲ್ ಬಂದರಿನ ಮಂಜುಗಡ್ಡೆ ಕಾರ್ಖಾನೆ ಹೀಗೆ ನಾಲ್ಕಾರು ಜಾಗಗಳನ್ನು ಒಂದೇ ಜಾಲದಲ್ಲಿ ಕಟ್ಟಿಕೊಂಡವರು ಯಾರೇ ಆದರೂ ಇದನ್ನು ಬಳಸಬಹುದು. ಹೊಸ ಸೈಫರನ್ನು ಸೇರಿಸುವುದಕ್ಕೆ ಒಂದು ಸಾಲು ಸಾಕು. ಹಳೆಯದನ್ನು ಯಾರ ಕೆಲಸವೂ ನಿಲ್ಲದಂತೆ ತೆಗೆಯುವುದಕ್ಕೆ ತಿಂಗಳುಗಳು ಬೇಕು. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ತೆಗೆಯುವುದರ ಬಗ್ಗೆಯೇ ಇದೆ.

ಸೈಫರ್ ಎಂದಾಗ ಯಾವುದರ ಮಾತು

ಸುರಕ್ಷಿತ ಸಂಪರ್ಕವೊಂದು ಶುರುವಾಗುವಾಗ ನಾಲ್ಕು ಬೇರೆ ಬೇರೆ ಆಯ್ಕೆಗಳು ನಡೆಯುತ್ತವೆ. ಎರಡೂ ಕಡೆಯವರು ಸೇರಿ ಗುಟ್ಟಿನ ಕೀಲಿಯನ್ನು ಹುಟ್ಟಿಸುವುದು ಒಂದು, ಎದುರಿಗಿರುವುದು ನಮ್ಮದೇ ಸರ್ವರ್ ಹೌದೇ ಎಂದು ಪ್ರಮಾಣಪತ್ರದಿಂದಲೋ ಹೋಸ್ಟ್ ಕೀಲಿಯಿಂದಲೋ ಖಚಿತಪಡಿಸಿಕೊಳ್ಳುವುದು ಎರಡು, ಮಾಹಿತಿಯನ್ನು ಮುಚ್ಚುವ ಸೈಫರ್ ಮೂರು, ದಾರಿಯಲ್ಲಿ ಯಾರೂ ಅದನ್ನು ತಿದ್ದಿಲ್ಲ ಎಂದು ಪರೀಕ್ಷಿಸುವ ಮುದ್ರೆ ನಾಲ್ಕು. ಮಾತಿನಲ್ಲಿ ಎಲ್ಲವನ್ನೂ ಸೈಫರ್ ಎಂದೇ ಕರೆದುಬಿಡುತ್ತೇವೆ. ಆದರೆ ದೋಷ ಬಂದಾಗ ಅದು ಈ ನಾಲ್ಕರಲ್ಲಿ ಯಾವುದಕ್ಕೆ ಬಂದಿದೆ ಎಂದು ಗುರುತಿಸದೆ ಸೆಟ್ಟಿಂಗ್ ಬದಲಿಸಿದರೆ ಪ್ರಯೋಜನವಿಲ್ಲ. ಇತ್ತೀಚಿನ ಸೈಫರ್‌ಗಳಾದ ಎಇಎಸ್-ಜಿಸಿಎಂ ಮತ್ತು ಚಾಚಾ20-ಪಾಲಿ1305 ಮೂರನೆಯ ಮತ್ತು ನಾಲ್ಕನೆಯ ಕೆಲಸಗಳನ್ನು ಒಟ್ಟಿಗೆ ಮಾಡುತ್ತವೆ, ಹೀಗಾಗಿ ಮುದ್ರೆಯನ್ನು ತಪ್ಪಾಗಿ ಜೋಡಿಸುವ ಹಳೆಯ ಅಪಾಯವೇ ಅವುಗಳಲ್ಲಿ ಇಲ್ಲ.

ಇನ್ನೊಂದು ಸಂಗತಿಯನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು. ಎರಡು ಯಂತ್ರಗಳು ತಂತಮ್ಮ ಸೈಫರ್ ಪಟ್ಟಿಗಳನ್ನು ಮುಂದಿಟ್ಟು ಒಂದನ್ನು ಒಪ್ಪಿಕೊಳ್ಳುತ್ತವೆ, ಆದರೆ ಯಾರ ಪಟ್ಟಿಯ ಕ್ರಮ ನಡೆಯುತ್ತದೆ ಎಂಬುದು ಸಾಫ್ಟ್‌ವೇರಿಗೆ ತಕ್ಕಂತೆ ಬೇರೆಯಾಗುತ್ತದೆ. ದೂರದ ಯಂತ್ರದೊಳಗೆ ಹೋಗಿ ಕೆಲಸ ಮಾಡಲು ಬಳಸುವ ಎಸ್‌ಎಸ್‌ಎಚ್‌ನಲ್ಲಿ ಕ್ಲೈಂಟಿನ, ಅಂದರೆ ಸಂಪರ್ಕ ಕೇಳುವ ಯಂತ್ರದ, ಪಟ್ಟಿಯಲ್ಲಿ ಮೊದಲು ಬರುವ, ಸರ್ವರಿಗೂ ಗೊತ್ತಿರುವ ಸೈಫರ್ ಗೆಲ್ಲುತ್ತದೆ; ಓಪನ್‌ವಿಪಿಎನ್‌ನಲ್ಲಿ ಸರ್ವರಿನ ಪಟ್ಟಿಯಲ್ಲಿ ಮೊದಲು ಬರುವ, ಕ್ಲೈಂಟಿಗೂ ಗೊತ್ತಿರುವುದು ಗೆಲ್ಲುತ್ತದೆ. ಎಸ್‌ಎಸ್‌ಎಚ್ ಸರ್ವರಿನಲ್ಲಿ ಒಳ್ಳೆಯ ಸೈಫರನ್ನು ಪಟ್ಟಿಯ ಮೊದಲಿಗೆ ತಂದಿಟ್ಟು ನಿಶ್ಚಿಂತರಾಗಿರುವವರನ್ನು ಕಂಡಿದ್ದೇನೆ. ಅಲ್ಲಿ ಕ್ರಮದಿಂದ ಏನೂ ಆಗದು, ಹಳೆಯದನ್ನು ಪಟ್ಟಿಯಿಂದ ತೆಗೆಯಲೇಬೇಕು.

ಸೈಫರ್ ಹಳತಾಗುವ ಬಗೆಗಳು

ಈ ಭಾಗವನ್ನು ದಾಟಿಸಿ ನೇರವಾಗಿ ಹೆಜ್ಜೆಗಳಿಗೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕಾರಣ ಗೊತ್ತಿಲ್ಲದೆ ಪಟ್ಟಿಯನ್ನು ನಕಲು ಮಾಡಿದವರು ಮುಂದಿನ ಬದಲಾವಣೆಯ ಹೊತ್ತಿಗೆ ಮತ್ತೆ ಬೇರೆಯವರ ಪಟ್ಟಿಯನ್ನು ಹುಡುಕಬೇಕಾಗುತ್ತದೆ.

ಕೀಲಿ ಚಿಕ್ಕದಾಗುವುದು ಎಲ್ಲಕ್ಕಿಂತ ಸರಳವಾದ ಬಗೆ. 1977ರಲ್ಲಿ ಅಮೆರಿಕದ ಮಾನದಂಡವಾದ ಡಿಇಎಸ್‌ನ ಕೀಲಿ 56 ಬಿಟ್‌ಗಳದ್ದು. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇದಕ್ಕೆಂದೇ ಕಟ್ಟಿಸಿದ ಯಂತ್ರವು ಕೀಲಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ 56 ಗಂಟೆಗಳಲ್ಲಿ ಸರಿಯಾದುದನ್ನು ಕಂಡುಹಿಡಿಯಿತು. ಇಂಥ ಸೈಫರಿಗೆ ತಿದ್ದುಪಡಿ ಇಲ್ಲ, ಬಿಡುವುದೊಂದೇ ದಾರಿ.

ಬ್ಲೋಫಿಶ್ ಮತ್ತು, ಡಿಇಎಸ್ ಅನ್ನೇ ಮೂರು ಸಲ ಬಳಸುವ ಟ್ರಿಪಲ್ ಡಿಇಎಸ್‌ಗಳ ಕಥೆ ಬೇರೆ. ಬ್ಲೋಫಿಶ್‌ನ ಕೀಲಿ 448 ಬಿಟ್‌ವರೆಗೂ ಉದ್ದವಿರಬಹುದು, ಹಾಗಾಗಿ ಕೀಲಿಯನ್ನು ನೋಡಿದರೆ ಭಯಪಡುವಂಥದ್ದೇನೂ ಕಾಣುವುದಿಲ್ಲ. ಕೊರತೆ ಇರುವುದು ಬ್ಲಾಕಿನಲ್ಲಿ. ಈ ಎರಡೂ ಸೈಫರ್‌ಗಳು ಮಾಹಿತಿಯನ್ನು ಎಂಟೆಂಟು ಬೈಟ್‌ಗಳ, ಅಂದರೆ 64 ಬಿಟ್‌ಗಳ ತುಣುಕುಗಳಾಗಿ ಮುಚ್ಚುತ್ತವೆ. ಒಂದೇ ಕೀಲಿಯಿಂದ ಸುಮಾರು 429 ಕೋಟಿ ತುಣುಕುಗಳು ಹಾದುಹೋಗುವಷ್ಟರಲ್ಲಿ, ಮುಚ್ಚಿದ ಎರಡು ತುಣುಕುಗಳು ಒಂದೇ ರೀತಿ ಕಾಣಿಸಿಕೊಳ್ಳುವ ಸಾಧ್ಯತೆ ಗಣನೀಯವಾಗಿ ಬೆಳೆದಿರುತ್ತದೆ. ಪ್ರತಿ ತುಣುಕನ್ನು ಹಿಂದಿನ ಮುಚ್ಚಿದ ತುಣುಕಿನೊಂದಿಗೆ ಬೆರೆಸಿ ಮುಚ್ಚುವ ಸಿಬಿಸಿ ವಿಧಾನದಲ್ಲಿ ಹಾಗೆ ಎರಡು ಹೊಂದಿಕೆಯಾದೊಡನೆ ಮೂಲ ಮಾಹಿತಿಯ ಎರಡು ತುಣುಕುಗಳ ನಡುವಿನ ವ್ಯತ್ಯಾಸ ಕದ್ದು ಕೇಳುತ್ತಿರುವವನಿಗೆ ಸಿಕ್ಕಿಬಿಡುತ್ತದೆ. ಒಂದು ತುಣುಕು ಅವನಿಗೆ ಮೊದಲೇ ಗೊತ್ತಿದ್ದರೆ ಇನ್ನೊಂದೂ ಬಯಲಾಗುತ್ತದೆ. 429 ಕೋಟಿ ತುಣುಕುಗಳೆಂದರೆ ಸುಮಾರು 34 ಜಿಬಿ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಕಾರ್ತಿಕೇಯನ್ ಭಾರ್ಗವನ್ ಮತ್ತು ಗೇಟನ್ ಲ್ಯುರೆಂಟ್ 2016ರ ಆಗಸ್ಟಿನಲ್ಲಿ ಸ್ವೀಟ್32 ಎಂಬ ಹೆಸರಿನಲ್ಲಿ ಈ ದಾಳಿಯನ್ನು ಮಾಡಿಯೇ ತೋರಿಸಿದರು. ಸುಮಾರು 785 ಜಿಬಿ ದಟ್ಟಣೆಯನ್ನು ಹಿಡಿದು, ಎರಡು ದಿನಗಳೊಳಗೆ ಲಾಗಿನ್ ಆದವರನ್ನು ಜಾಲತಾಣ ಗುರುತಿಸುವ ಸಂಕೇತವಾದ ಒಂದು ಕುಕಿಯನ್ನು ಹೊರತೆಗೆದರು.

ನಮ್ಮ ಸಂಘಕ್ಕೆ ಇದು ಎಷ್ಟು ಹತ್ತಿರದ ಮಾತು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಗೋದಾಮಿನ ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಕಳುಹಿಸಿದರೆ ಗಂಟೆಗೆ 1.8 ಜಿಬಿ, 34 ಜಿಬಿಗೆ ಹತ್ತೊಂಬತ್ತು ಗಂಟೆ. ಓಪನ್‌ವಿಪಿಎನ್ ಸಾಮಾನ್ಯವಾಗಿ ಗಂಟೆಗೊಮ್ಮೆ ಕೀಲಿಯನ್ನು ಬದಲಿಸುವುದರಿಂದ ಅಲ್ಲಿಗೆ ತಲುಪುವ ಮೊದಲೇ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಆದರೆ ನಮ್ಮ ಫೈಲಿನಲ್ಲಿ ಆ ಸಮಯದ ಮೌಲ್ಯವನ್ನು ಸೊನ್ನೆ ಮಾಡಿಡಲಾಗಿತ್ತು. ಮಳೆಗಾಲದಲ್ಲಿ ಲೈನ್ ಕೆಟ್ಟಿರುವಾಗ ಕೀಲಿ ಬದಲಾಗುವ ಹೊತ್ತಿಗೆ ಸಂಪರ್ಕ ಕಡಿದುಹೋಗುತ್ತಿದ್ದುದರಿಂದ ಯಾರೋ ಹಾಗೆ ಮಾಡಿದ್ದಿರಬೇಕು. ಸೊನ್ನೆ ಎಂದರೆ ಹೊತ್ತು ನೋಡಿ ಕೀಲಿ ಬದಲಿಸಲು ಆ ತುದಿ ಕೇಳುವುದೇ ಇಲ್ಲ; ಎರಡೂ ತುದಿಗಳಲ್ಲಿ ಹೀಗಿದ್ದರೆ ಗಂಟೆಗೊಮ್ಮೆ ಆಗುವ ಬದಲಾವಣೆಯೇ ನಿಂತುಹೋಗುತ್ತದೆ. ನಿಮ್ಮ ಫೈಲಿನಲ್ಲಿ ‘ರೆನೆಗ್-ಸೆಕ್’ ಎಂಬ ಸಾಲಿನ ಮುಂದೆ ಸೊನ್ನೆ ಇದೆಯೇ ಎಂದು ಇಂದೇ ನೋಡಿ. ಎಇಎಸ್‌ನ ಬ್ಲಾಕ್ 128 ಬಿಟ್‌ಗಳದ್ದಾದ ಕಾರಣ ಇದೇ ಲೆಕ್ಕ ಅಲ್ಲಿ ಸುಮಾರು 29 ಕೋಟಿ ಟಿಬಿಗೆ ಹೋಗಿ ನಿಲ್ಲುತ್ತದೆ.

ಸೈಫರಿನ ಒಳಗಟ್ಟೇ ದುರ್ಬಲವೆಂದು ಗೊತ್ತಾಗುವುದು ಮೂರನೆಯ ಬಗೆ. ಇದಕ್ಕೆ ಆರ್‌ಸಿ4 ಉದಾಹರಣೆ, ಮತ್ತು ಅದರ ಚರಿತ್ರೆಯಲ್ಲಿ ಆಡಳಿತಗಾರರಿಗೆ ಒಂದು ಎಚ್ಚರಿಕೆಯೂ ಇದೆ. ರಾನ್ ರಿವೆಸ್ಟ್ 1987ರಲ್ಲಿ ರೂಪಿಸಿದ ಈ ಸೈಫರ್ ಬಹಳ ವೇಗದ್ದಾಗಿತ್ತು. 2011ರಲ್ಲಿ, ಜಾಲತಾಣಗಳೂ ಓಪನ್‌ವಿಪಿಎನ್‌ನೂ ಸುರಕ್ಷಿತ ಸಂಪರ್ಕಕ್ಕೆ ಬಳಸುವ ಟಿಎಲ್‌ಎಸ್ ಎಂಬ ನಿಯಮಾವಳಿಯ 1.0 ಆವೃತ್ತಿಯ ಸಿಬಿಸಿ ವಿಧಾನದ ಮೇಲೆ ಬೀಸ್ಟ್ ಎಂಬ ದಾಳಿ ಪ್ರಕಟವಾದಾಗ, ಸಿಬಿಸಿಯನ್ನು ಬಿಟ್ಟು ಆರ್‌ಸಿ4ಕ್ಕೆ ಹೋಗಿ ಎಂಬ ಸಲಹೆ ಎಲ್ಲೆಡೆ ಹರಡಿತು, ಬಹಳ ಮಂದಿ ಹಾಗೆಯೇ ಮಾಡಿದರು. ಎರಡೇ ವರ್ಷಗಳಲ್ಲಿ, 2013ರಲ್ಲಿ, ಟಿಎಲ್‌ಎಸ್‌ನಲ್ಲಿ ಬಳಸಿದ ಆರ್‌ಸಿ4ರ ಹೊರಹರಿವಿನ ಓರೆಕೋರೆಗಳಿಂದಲೇ ಮಾಹಿತಿಯನ್ನು ಊಹಿಸಬಹುದು ಎಂದು ಸಂಶೋಧಕರು ತೋರಿಸಿದರು. 2015ರ ಫೆಬ್ರವರಿಯಲ್ಲಿ ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 7465 ಟಿಎಲ್‌ಎಸ್‌ನಲ್ಲಿ ಆರ್‌ಸಿ4ನ್ನು ಪೂರ್ತಿಯಾಗಿ ನಿಷೇಧಿಸಿತು. ಅವಸರದಲ್ಲಿ ಓಡಿದವರು ಎರಡು ಸಲ ಮನೆ ಬದಲಿಸಬೇಕಾಯಿತು. ಬೀಸ್ಟ್‌ಗೆ ನಿಜವಾದ ಪರಿಹಾರ ಟಿಎಲ್‌ಎಸ್ ಆವೃತ್ತಿಯನ್ನು ಮೇಲೇರಿಸುವುದಾಗಿತ್ತು. ಅದು ಕಷ್ಟದ ಕೆಲಸವಾಗಿದ್ದರಿಂದ ಜನ ಸುಲಭದ ದಾರಿ ಹಿಡಿದಿದ್ದರು.

ಕೊನೆಯ ಬಗೆಯಲ್ಲಿ ಸೈಫರ್ ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಬಳಸುವ ವಿಧಾನದಲ್ಲಿ ತೂತು ಇರುತ್ತದೆ. 2023ರ ಡಿಸೆಂಬರಿನಲ್ಲಿ ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಟೆರಾಪಿನ್ ದಾಳಿ ಎಸ್‌ಎಸ್‌ಎಚ್‌ನ ಚಾಚಾ20-ಪಾಲಿ1305 ಬಳಕೆಗೂ ತಟ್ಟಿತು. ಚಾಚಾ20 ಡ್ಯಾನಿಯಲ್ ಬರ್ನ್‌ಸ್ಟೈನ್ 2008ರಲ್ಲಿ ರೂಪಿಸಿದ, ಇವತ್ತಿಗೂ ಗಟ್ಟಿಯಾದ ಸೈಫರ್. ದೋಷ ಇದ್ದದ್ದು ಸಂಪರ್ಕದ ಆರಂಭದ ಸಂದೇಶಗಳಿಗೆ ಎಸ್‌ಎಸ್‌ಎಚ್ ಸಂಖ್ಯೆ ಹಾಕುವ ರೀತಿಯಲ್ಲಿ. ಎಸ್‌ಎಸ್‌ಎಚ್‌ಗೆ ಹೆಚ್ಚಾಗಿ ಬಳಸುವ ಸಾಫ್ಟ್‌ವೇರಾದ ಓಪನ್‌ಎಸ್‌ಎಸ್‌ಎಚ್‌ನ 9.6ರಲ್ಲಿ ಅದನ್ನು ಸರಿಪಡಿಸಲಾಯಿತು, ಎರಡೂ ತುದಿಗಳಲ್ಲಿ ತಿದ್ದುಪಡಿ ಆಗಿದ್ದರೆ ಸೈಫರನ್ನು ಬಿಡುವ ಅಗತ್ಯವಿಲ್ಲ. ಹೊಸ ಸೈಫರ್ ಹಾಕಿದ ಮಾತ್ರಕ್ಕೆ ಸಾಫ್ಟ್‌ವೇರನ್ನು ಹಳೆಯದಾಗಿಯೇ ಬಿಡಬಹುದು ಎಂದು ತಿಳಿಯುವವರಿಗೆ ಇದನ್ನು ತೋರಿಸಬೇಕು.

ಹೆಜ್ಜೆ 1: ಇರುವುದೆಲ್ಲವನ್ನೂ ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಯಂತ್ರಕ್ಕೂ ಒಂದು ಪುಟ ಕೊಡಿ. ಸರ್ವರ್, ಶಾಖೆಯ ರೂಟರ್, ಮ್ಯಾನೇಜರರ ಲ್ಯಾಪ್‌ಟಾಪ್, ಕ್ಯಾಮೆರಾ ಪೆಟ್ಟಿಗೆ, ನೆಟ್‌ವರ್ಕ್ ಸ್ವಿಚ್ ಯಾವುದನ್ನೂ ಬಿಡಬಾರದು. ಓಪನ್‌ವಿಪಿಎನ್ ಆವೃತ್ತಿ, ಅದಕ್ಕೆ ಸೈಫರ್‌ಗಳನ್ನು ಒದಗಿಸುವ ಓಪನ್‌ಎಸ್‌ಎಸ್‌ಎಲ್‌ನ ಆವೃತ್ತಿ, ಸೆಟ್ಟಿಂಗ್ ಫೈಲಿನ ಸೈಫರ್ ಸಾಲು, ಯಂತ್ರ ಇರುವ ಕೋಣೆ, ಅದರ ಪಕ್ಕದಲ್ಲಿ ಫೋನ್ ಎತ್ತುವವರು ಯಾರು ಎಂಬುದನ್ನೂ ಬರೆಯಿರಿ. ಕೊನೆಯದು ತಾಂತ್ರಿಕ ವಿವರವಲ್ಲ ಎನಿಸಬಹುದು, ಆದರೆ ಸಂಪರ್ಕ ಕಡಿದಾಗ ಆ ರೂಟರಿನ ಪ್ಲಗ್ ಕಿತ್ತು ಹಾಕುವವರು ಅವರೇ.

ಓಪನ್‌ವಿಪಿಎನ್ ಕಮಾಂಡಿಗೆ ‘ಶೋ-ಸೈಫರ್ಸ್’ ಎಂಬ ಆಯ್ಕೆ ಕೊಟ್ಟರೆ ಆ ಯಂತ್ರಕ್ಕೆ ಗೊತ್ತಿರುವ ಸೈಫರ್‌ಗಳೆಲ್ಲ ಪರದೆಯ ಮೇಲೆ ಬರುತ್ತವೆ, 128 ಬಿಟ್‌ಗಿಂತ ಚಿಕ್ಕ ಬ್ಲಾಕಿನವನ್ನು ಬಳಸಬೇಡಿ ಎಂಬ ಎಚ್ಚರಿಕೆಯೊಂದಿಗೆ ಪ್ರತ್ಯೇಕವಾಗಿ ತೋರಿಸುತ್ತದೆ. ಎಸ್‌ಎಸ್‌ಎಚ್ ಕಮಾಂಡಿಗೆ ಹೈಫನ್ ಮತ್ತು ದೊಡ್ಡ ಅಕ್ಷರದ ಕ್ಯೂ ಸೇರಿಸಿ ಮುಂದೆ ‘ಸೈಫರ್’ ಎಂದು ಬರೆದರೆ ಅದಕ್ಕೆ ಗೊತ್ತಿರುವ ಪಟ್ಟಿ ಸಿಗುತ್ತದೆ. ಗೊತ್ತಿರುವುದು ಬೇರೆ, ಸರ್ವರ್ ಬೇರೆಯವರಿಗೆ ಕೊಡಲು ಒಪ್ಪುವುದು ಬೇರೆ. ಎರಡನೆಯದನ್ನು ತಿಳಿಯಲು ರೂಟ್ ಬಳಕೆದಾರರಾಗಿ ‘ಎಸ್‌ಎಸ್‌ಎಚ್‌ಡಿ’ಗೆ ಹೈಫನ್ ಮತ್ತು ದೊಡ್ಡ ಟಿ ಕೊಡಬೇಕು, ಆಗ ಫೈಲಿನಲ್ಲಿ ಬರೆದದ್ದೂ ಬರೆಯದೆ ಬಿಟ್ಟದ್ದೂ ಸೇರಿ ನಿಜವಾಗಿ ಜಾರಿಯಲ್ಲಿರುವ ಪಟ್ಟಿ ಕಾಣುತ್ತದೆ.

ಹೆಜ್ಜೆ 2: ನಿಜವಾಗಿ ಬಳಕೆಯಾಗುತ್ತಿರುವುದನ್ನು ನೋಡಿ

ಪಟ್ಟಿಯಲ್ಲಿ ಇರುವುದೆಲ್ಲ ಬಳಕೆಯಲ್ಲಿ ಇರುವುದಿಲ್ಲ. ಓಪನ್‌ವಿಪಿಎನ್ 2.5ರಿಂದ ಮುಂದೆ ಸ್ಟೇಟಸ್ ಫೈಲಿನ ಎರಡನೆಯ ಮತ್ತು ಮೂರನೆಯ ಮಾದರಿಗಳಲ್ಲಿ ಪ್ರತಿ ಕ್ಲೈಂಟಿನ ಸಾಲಿನ ಕೊನೆಗೆ ಅದು ಒಪ್ಪಿಕೊಂಡ ಸೈಫರಿನ ಹೆಸರು ಬರುತ್ತದೆ. ಹಿಂದಿನ ಆವೃತ್ತಿಯಾದರೆ ಲಾಗ್‌ನಲ್ಲಿ ಸಂಪರ್ಕ ಕೂಡಿದ ಹೊತ್ತಿನ ‘ಡೇಟಾ ಚಾನೆಲ್’ ಸಾಲುಗಳನ್ನು ಹುಡುಕಬೇಕು. ಎಸ್‌ಎಸ್‌ಎಚ್ ಸರ್ವರ್ ಸಾಮಾನ್ಯ ಲಾಗ್‌ನಲ್ಲಿ ಸೈಫರಿನ ಹೆಸರನ್ನು ಬರೆಯುವುದಿಲ್ಲ. ಕೆಲವು ದಿನಗಳ ಮಟ್ಟಿಗೆ ಲಾಗ್ ಮಟ್ಟವನ್ನು ‘ಡಿಬಗ್’ಗೆ ಏರಿಸಿ ನೋಡಿ, ಮತ್ತೆ ಇಳಿಸಿ.

ಈ ಅವಲೋಕನಕ್ಕೆ ಕನಿಷ್ಠ ಒಂದು ತಿಂಗಳು ಕೊಡಿ, ಅದರಲ್ಲಿ ತಿಂಗಳ ಕೊನೆಯೂ ಸೇರಿರಲಿ. ನಮ್ಮಲ್ಲಿ ಮೊದಲ ವಾರದಲ್ಲೇ ಎಲ್ಲರೂ ಹೊಸ ಸೈಫರಿಗೆ ಬಂದಂತೆ ಕಂಡಿತ್ತು. ಲೆಕ್ಕಪರಿಶೋಧನೆಗೆಂದು ತಿಂಗಳಿಗೊಮ್ಮೆ ಮಾತ್ರ ತೆರೆಯುವ ಒಂದು ಲ್ಯಾಪ್‌ಟಾಪ್ ಮೂವತ್ತನೆಯ ತಾರೀಕಿನ ಸಂಜೆ ಬ್ಲೋಫಿಶ್ ಹಿಡಿದುಕೊಂಡು ಒಳಗೆ ಬಂತು.

ಹೆಜ್ಜೆ 3: ಹೊಸ ಪಟ್ಟಿಯನ್ನು ನಿರ್ಧರಿಸಿ

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಎಇಎಸ್-256-ಜಿಸಿಎಂ, ಎಇಎಸ್-128-ಜಿಸಿಎಂ, ಚಾಚಾ20-ಪಾಲಿ1305 ಈ ಮೂರು ಸಾಕು, ಓಪನ್‌ವಿಪಿಎನ್ 2.6 ತಾನಾಗಿ ಇಟ್ಟುಕೊಳ್ಳುವ ಪಟ್ಟಿಯೂ ಇವೇ. ಬೆಲ್ಜಿಯಮ್ಮಿನ ಯೊವಾನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ರೈನ್‌ಡಾಲ್, ಹದಿನೈದು ಸೈಫರ್‌ಗಳ ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು 2001ರಲ್ಲಿ ಎಇಎಸ್ ಆಯಿತು. ಅಂದಿನಿಂದ ಇಂದಿನವರೆಗೆ ಲೋಕದ ತಜ್ಞರೆಲ್ಲ ಅದನ್ನು ತಿಕ್ಕಿ ನೋಡಿದ್ದಾರೆ. 128 ಬಿಟ್ ಕೀಲಿಯೂ ಭದ್ರವೇ ಆಗಿದೆ. 256 ಬೇಕೆಂದು ಹಟ ಹಿಡಿದು ಹಳೆಯ ಪೆಟ್ಟಿಗೆಯನ್ನು ನಿಧಾನ ಮಾಡುವುದಕ್ಕಿಂತ 128ನ್ನು ನೆಮ್ಮದಿಯಿಂದ ಓಡಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಕ್ರಮವನ್ನು ನಿರ್ಧರಿಸುವುದು ಯಂತ್ರದ ಪ್ರೊಸೆಸರ್. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಸೂಚನೆಗಳು 2010ರ ಸುಮಾರಿನಿಂದ ಬರತೊಡಗಿದವು. ಅವು ಇದ್ದಲ್ಲಿ ಎಇಎಸ್-ಜಿಸಿಎಂ ಬಹಳ ವೇಗವಾಗಿ ಓಡುತ್ತದೆ. ಅವು ಇಲ್ಲದ ಸಣ್ಣ ಪೆಟ್ಟಿಗೆಗಳಲ್ಲಿ ಚಾಚಾ20 ವೇಗವಾಗಿರುತ್ತದೆ. ರಾಸ್ಪ್‌ಬೆರಿ ಪೈ 4ರಲ್ಲಿ ಆ ಸೂಚನೆಗಳಿಲ್ಲ, ಪೈ 5ರಲ್ಲಿ ಇವೆ. ಊಹಿಸುವುದರ ಬದಲು ಓಪನ್‌ಎಸ್‌ಎಸ್‌ಎಲ್‌ನ ‘ಸ್ಪೀಡ್’ ಪರೀಕ್ಷೆಯನ್ನು ‘ಇವಿಪಿ’ ಆಯ್ಕೆಯೊಂದಿಗೆ ಎರಡೂ ಸೈಫರ್‌ಗಳಿಗೆ ಓಡಿಸಿ, ಬಂದ ಅಂಕಿಗಳನ್ನು ಆ ಯಂತ್ರದ ಪುಟದಲ್ಲಿ ಬರೆದುಕೊಳ್ಳಿ. ಓಪನ್‌ವಿಪಿಎನ್‌ನಲ್ಲಿ ಸರ್ವರಿನ ಕ್ರಮವೇ ನಡೆಯುವುದರಿಂದ ನಿಧಾನದ ಪೆಟ್ಟಿಗೆಗೂ ಎಇಎಸ್ ಸಿಕ್ಕಿಬಿಡುತ್ತದೆ. ಅಂಥ ಪೆಟ್ಟಿಗೆಯ ಕ್ಲೈಂಟ್ ಫೈಲಿನಲ್ಲಿ ಚಾಚಾ20-ಪಾಲಿ1305 ಒಂದನ್ನೇ ಬರೆದರೆ ಸರ್ವರಿಗೆ ಬೇರೆ ದಾರಿ ಇರುವುದಿಲ್ಲ. ನಮ್ಮ ಕುಮಟಾ ಶಾಖೆಯ ಪೆಟ್ಟಿಗೆ ಹೀಗೆಯೇ ನಡೆಯುತ್ತಿದೆ.

ಹೆಜ್ಜೆ 4: ಎರಡೂ ಇರಲಿ, ಆದರೆ ಹೊಸದು ಮುಂದಿರಲಿ

ಆವೃತ್ತಿಗಳ ನಡವಳಿಕೆಯನ್ನು ಇಲ್ಲಿ ತಿಳಿದಿರಲೇಬೇಕು. ಓಪನ್‌ವಿಪಿಎನ್ 2.3 ಮತ್ತು ಅದಕ್ಕಿಂತ ಹಿಂದಿನವುಗಳಿಗೆ ಸೈಫರ್ ಬಗ್ಗೆ ಮಾತುಕತೆ ನಡೆಸಲು ಬಾರದು; ಫೈಲಿನಲ್ಲಿ ಬರೆದದ್ದನ್ನೇ, ಬರೆಯದಿದ್ದರೆ ಬ್ಲೋಫಿಶನ್ನೇ ಹಿಡಿಯುತ್ತವೆ. 2016ರ ಡಿಸೆಂಬರಿನಲ್ಲಿ ಬಂದ 2.4ರಲ್ಲಿ ಮಾತುಕತೆಯೂ ಜಿಸಿಎಂ ಬೆಂಬಲವೂ ಸೇರಿದವು. 2020ರ 2.5ರಲ್ಲಿ ಆ ಪಟ್ಟಿಗೆ ‘ಡೇಟಾ-ಸೈಫರ್ಸ್’ ಎಂಬ ಹೆಸರು ಬಂತು. 2023ರ ಜನವರಿಯ 2.6ರಲ್ಲಿ ಬ್ಲೋಫಿಶ್ ಪೂರ್ವನಿಯೋಜಿತ ಸ್ಥಾನವನ್ನು ಕಳೆದುಕೊಂಡಿತು.

ಮಾತುಕತೆ ಬಾರದ ಹಳೆಯ ಸಾಧನಗಳನ್ನು ಒಂದೇ ದಿನ ಬದಲಿಸಲು ಆಗದಿದ್ದರೆ ಒಂದು ಒಳ್ಳೆಯ ಉಪಾಯವಿದೆ. ಅವು ಎಇಎಸ್-256-ಸಿಬಿಸಿಯನ್ನು ಬಲ್ಲವು. ಸರ್ವರಿನ ‘ಡೇಟಾ-ಸೈಫರ್ಸ್’ ಪಟ್ಟಿಯ ಕೊನೆಯಲ್ಲಿ ಅದನ್ನು ಸೇರಿಸಿ, ಹಳೆಯ ಸಾಧನದ ಫೈಲಿನಲ್ಲಿ ‘ಸೈಫರ್’ ಸಾಲಿಗೆ ಅದನ್ನೇ ಬರೆಯಿರಿ. ಸರ್ವರ್ ಆ ಒಬ್ಬ ಕ್ಲೈಂಟಿಗೆ ಮಾತ್ರ ಅದನ್ನು ಒಪ್ಪಿಕೊಳ್ಳುತ್ತದೆ, ಉಳಿದವರೆಲ್ಲ ಜಿಸಿಎಂನಲ್ಲಿ ಮುಂದುವರಿಯುತ್ತಾರೆ. ಹೀಗೆ ಒಂದೊಂದೇ ಶಾಖೆಯನ್ನು ಬೇರೆ ಬೇರೆ ದಿನ ದಾಟಿಸಬಹುದು. ‘ಡೇಟಾ-ಸೈಫರ್ಸ್-ಫಾಲ್‌ಬ್ಯಾಕ್’ ಎಂಬ ಇನ್ನೊಂದು ಸಾಲು ಇದೆ. ಎದುರಿನ ಸಾಧನ ತನ್ನ ಸೈಫರಿನ ಹೆಸರನ್ನೇ ಹೇಳದಿದ್ದಾಗ ಮಾತ್ರ ಅದರ ಅಗತ್ಯ. ‘ಆಥ್’ ಸಾಲನ್ನು ಈ ಹೊತ್ತಿನಲ್ಲಿ ಮುಟ್ಟಬೇಡಿ. ಅದರ ಬಗ್ಗೆ ಮಾತುಕತೆ ನಡೆಯುವುದಿಲ್ಲ, ಎರಡೂ ಕಡೆ ಒಂದೇ ಇರಬೇಕು. ಟಿಎಲ್‌ಎಸ್-ಆಥ್ ಕೀಲಿ ಬಳಸುತ್ತಿದ್ದರೆ ಅದನ್ನು ಬದಲಿಸಿದ ಕೂಡಲೇ ಸಂಪರ್ಕ ಆರಂಭವೇ ಆಗದು.

ಈಗ ನಮ್ಮ ತಪ್ಪು ಹೆಜ್ಜೆಯ ವಿಷಯ. ಒಂದು ಸಂಜೆ ಸರ್ವರಿನ ಆಪರೇಟಿಂಗ್ ಸಿಸ್ಟಂ ಅನ್ನು ಹೊಸದಕ್ಕೆ ಏರಿಸಿದೆ. ಸೈಫರಿನ ಸಾಲುಗಳನ್ನು ಮುಟ್ಟಿರಲಿಲ್ಲ. ಮರುದಿನ ಒಂಬತ್ತೂವರೆಗೆ ಸಿದ್ದಾಪುರದ ಮ್ಯಾನೇಜರರ ಫೋನ್: “ನಿನ್ನೆ ಎಂತ ಮಾಡಿದ್ರಿ ಮಾರಾಯ್ರೆ, ಬೆಳಿಗ್ಗೆಯಿಂದ ಲಿಂಕೇ ಬರ್ತಾ ಇಲ್ಲ.” ಹೊಸ ವ್ಯವಸ್ಥೆಯೊಂದಿಗೆ ಓಪನ್‌ಎಸ್‌ಎಸ್‌ಎಲ್ 3.0 ಬಂದಿತ್ತು. ಅದು ಬ್ಲೋಫಿಶನ್ನು ‘ಲೆಗಸಿ’ ಎಂಬ ಪ್ರತ್ಯೇಕ ಭಾಗಕ್ಕೆ ಸರಿಸಿ, ಕೇಳಿದ ಹೊರತು ಕೊಡದಂತೆ ಇಟ್ಟಿದೆ. ಸಿದ್ದಾಪುರದ ಹಳೆಯ ರೂಟರಿಗೆ ಬ್ಲೋಫಿಶ್ ಬಿಟ್ಟು ಬೇರೇನನ್ನೂ ಹೇಳಿಕೊಟ್ಟಿರಲಿಲ್ಲ. ಆ ರೂಟರಿನೊಳಗೆ ಹೋಗಲು ನನಗಿದ್ದ ದಾರಿಯೂ ಅದೇ ಕಡಿದುಹೋದ ಸುರಂಗವಾಗಿತ್ತು. ಮಳೆಯಲ್ಲಿ ಬಸ್ಸು ಹಿಡಿದು ಹೋಗಿ, ಅಡಿಕೆ ಮೂಟೆಗಳ ನಡುವೆ ಸ್ಟೂಲಿನ ಮೇಲೆ ಕೂತು ರೂಟರಿಗೆ ಕೇಬಲ್ ಸಿಕ್ಕಿಸಿ, ಒಂದೇ ಒಂದು ಸಾಲನ್ನು ಬದಲಿಸಿ ಬಂದೆ. ಆ ದಿನ ಅಲ್ಲಿನ ಸದಸ್ಯರು ಮಧ್ಯಾಹ್ನದವರೆಗೆ ಹಣ ಪಡೆಯಲಾಗದೆ ಕಾದು ಕೂತಿದ್ದರು.

ಅಂದಿನಿಂದ ಎರಡು ನಿಯಮಗಳನ್ನು ತಪ್ಪದೆ ಪಾಲಿಸುತ್ತಿದ್ದೇನೆ. ಬದಲಾಯಿಸುತ್ತಿರುವ ದಾರಿಯ ಮೂಲಕವೇ ಒಳಗೆ ಕೂತು ಆ ದಾರಿಯನ್ನು ಬದಲಾಯಿಸುವುದಿಲ್ಲ. ಶಾಖೆಯ ಪೆಟ್ಟಿಗೆಗೆ ಸುರಂಗದ ಹೊರಗಿನಿಂದ, ಕೀಲಿ ಇದ್ದವರಿಗೆ ಮಾತ್ರ ತೆರೆಯುವ ಎರಡನೆಯ ದಾರಿಯೊಂದನ್ನು ಮೊದಲೇ ಸಿದ್ಧಪಡಿಸುತ್ತೇನೆ. ಎರಡನೆಯದಾಗಿ, ಹಳೆಯ ಫೈಲಿನ ಪ್ರತಿ ಇಟ್ಟುಕೊಂಡು, ಹದಿನೈದು ನಿಮಿಷದ ನಂತರ ಅದನ್ನೇ ಮರಳಿ ತಂದು ಸೇವೆಯನ್ನು ಪುನಃ ಆರಂಭಿಸುವ ಒಂದು ಕೆಲಸವನ್ನು ‘ಆ್ಯಟ್’ ಕಮಾಂಡಿನಿಂದ ಮುಂಚಿತವಾಗಿ ನಿಗದಿಪಡಿಸುತ್ತೇನೆ. ಬದಲಾವಣೆ ಸರಿಯಾಗಿದ್ದರೆ ಆ ಕೆಲಸವನ್ನು ರದ್ದು ಮಾಡುತ್ತೇನೆ, ಕೆಟ್ಟಿದ್ದರೆ ಅದು ತಾನಾಗಿ ಹಳೆಯ ಸ್ಥಿತಿಗೆ ತರುತ್ತದೆ. ಹದಿನೈದಕ್ಕಿಂತ ಕಡಿಮೆ ನಿಮಿಷ ಇಡಬೇಡಿ, ಕ್ಲೈಂಟ್‌ಗಳು ಸಂಪರ್ಕ ಕಡಿದದ್ದನ್ನು ಗಮನಿಸಿ ಮತ್ತೆ ಕೂಡಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಹೆಜ್ಜೆ 5: ಎಸ್‌ಎಸ್‌ಎಚ್

ಓಪನ್‌ಎಸ್‌ಎಸ್‌ಎಚ್ ಬಳಗದವರು ಹಳೆಯದನ್ನು ತೆಗೆದ ಕ್ರಮವೇ ನಮಗೆ ಪಾಠದಂತಿದೆ. ಅವರು ಒಮ್ಮೆಲೇ ಕಿತ್ತು ಹಾಕಲಿಲ್ಲ. 2014ರ 6.7ರಲ್ಲಿ ಸಿಬಿಸಿ ಸೈಫರ್‌ಗಳನ್ನೂ ಆರ್‌ಸಿ4ನ್ನೂ ಸರ್ವರಿನ ಪೂರ್ವನಿಯೋಜಿತ ಪಟ್ಟಿಯಿಂದ ಹೊರಗಿಟ್ಟರು, ಬೇಕಾದವರು ಕೈಯಿಂದ ಬರೆದು ಸೇರಿಸಬಹುದಿತ್ತು. 2016ರ 7.2ರಲ್ಲಿ ಬ್ಲೋಫಿಶ್ ಮತ್ತು ಆರ್‌ಸಿ4 ಕ್ಲೈಂಟಿನಿಂದಲೂ ಹೋದವು. 2017ರ 7.6ರಲ್ಲಿ ಅವುಗಳ ಕೋಡನ್ನೇ ಅಳಿಸಿದರು. ಮೂರು ವರ್ಷಗಳ ಈ ಅವಧಿಯಲ್ಲಿ ಎಚ್ಚರಿಕೆ ಎಲ್ಲರಿಗೂ ತಲುಪಿತು.

ನಿಮ್ಮ ಸರ್ವರಿನಲ್ಲಿ ‘ಸೈಫರ್ಸ್’ ಸಾಲಿಗೆ ಪೂರ್ತಿ ಪಟ್ಟಿಯನ್ನು ಬರೆಯುವುದಕ್ಕಿಂತ, ಹೆಸರುಗಳ ಆರಂಭದಲ್ಲಿ ಒಂದು ಮೈನಸ್ ಗುರುತು ಹಾಕಿ ಬೇಡದ್ದನ್ನು ಮಾತ್ರ ಕಳೆಯುವುದು ಒಳ್ಳೆಯದು. ಪೂರ್ತಿ ಪಟ್ಟಿ ಬರೆದರೆ ಮುಂದಿನ ಆವೃತ್ತಿ ಹೊಸ ಸೈಫರ್ ತಂದಾಗ ಅದು ನಿಮ್ಮ ಸರ್ವರಿಗೆ ಬರುವುದೇ ಇಲ್ಲ, ನಿಮ್ಮ ಪಟ್ಟಿ ಬರೆದ ದಿನದಲ್ಲಿಯೇ ನಿಂತುಬಿಡುತ್ತದೆ. ಬದಲಿಸಿದ ಮೇಲೆ ‘ಎಸ್‌ಎಸ್‌ಎಚ್‌ಡಿ’ಗೆ ಹೈಫನ್ ಮತ್ತು ಸಣ್ಣ ಟಿ ಕೊಟ್ಟು ಫೈಲಿನಲ್ಲಿ ತಪ್ಪಿಲ್ಲವೆಂದು ನೋಡಿ, ಸೇವೆಯನ್ನು ರೀಲೋಡ್ ಮಾಡಿ. ಈಗ ತೆರೆದಿರುವ ಕಿಟಕಿಯನ್ನು ಮುಚ್ಚದೆ ಎರಡನೆಯ ಕಿಟಕಿಯಿಂದ ಹೊಸದಾಗಿ ಒಳಬರಲು ಪ್ರಯತ್ನಿಸಿ.

ಟ್ರಿಪಲ್ ಡಿಇಎಸ್ ಬಿಟ್ಟು ಬೇರೇನೂ ಗೊತ್ತಿಲ್ಲದ ಹಳೆಯ ಸ್ವಿಚ್ ಒಂದು ಎಲ್ಲರ ಕಚೇರಿಯಲ್ಲೂ ಇರುತ್ತದೆ. ಅದಕ್ಕೆ ಹೋದಾಗ ಹೊಂದುವ ಸೈಫರ್ ಸಿಗಲಿಲ್ಲ ಎಂಬ ದೋಷ ಬರುತ್ತದೆ, ಸ್ವಿಚ್ ಕೊಡಲು ಸಿದ್ಧವಿರುವ ಸೈಫರಿನ ಹೆಸರೂ ಆ ಸಾಲಿನಲ್ಲೇ ಇರುತ್ತದೆ. ಅದೊಂದಕ್ಕಾಗಿ ಎಲ್ಲೆಡೆ ಟ್ರಿಪಲ್ ಡಿಇಎಸ್ ತೆರೆಯಬೇಡಿ. ನಿಮ್ಮ ಕ್ಲೈಂಟಿನ ಫೈಲಿನಲ್ಲಿ ಆ ಸ್ವಿಚ್ಚಿನ ವಿಳಾಸಕ್ಕೆ ಮಾತ್ರ ಅನ್ವಯಿಸುವ ‘ಹೋಸ್ಟ್’ ಭಾಗವೊಂದನ್ನು ಬರೆದು, ಅಲ್ಲಿ ಪ್ಲಸ್ ಗುರುತಿನೊಂದಿಗೆ ಅದನ್ನು ಸೇರಿಸಿ. ಅದೇ ಕೋಣೆಯ ಸರ್ವರಿನ ಮೂಲಕ ಹಾದುಹೋಗಿ ಸ್ವಿಚ್ಚನ್ನು ತಲುಪಿದರೆ ದುರ್ಬಲ ಸೈಫರ್ ಆ ಕೋಣೆಯನ್ನು ಬಿಟ್ಟು ಹೊರಗೆ ಬರುವುದಿಲ್ಲ.

ಹೆಜ್ಜೆ 6: ತೆಗೆಯುವ ದಿನ

ಸ್ಟೇಟಸ್ ಫೈಲಿನಲ್ಲಿ ಒಂದು ತಿಂಗಳು ಹಳೆಯ ಸೈಫರಿನ ಹೆಸರು ಕಾಣದಿದ್ದ ಮೇಲೂ ನೇರವಾಗಿ ತೆಗೆಯಬೇಡಿ. ಮೊದಲು ಒಂದು ಗಂಟೆಯ ಮಟ್ಟಿಗೆ ತೆಗೆದು ನೋಡಿ. ಇದನ್ನು ರಾತ್ರಿ ಮಾಡುವವರಿದ್ದಾರೆ, ನಾನು ಬೆಳಿಗ್ಗೆ ಹನ್ನೊಂದಕ್ಕೆ ಮಾಡುತ್ತೇನೆ, ಏಕೆಂದರೆ ಎಲ್ಲರೂ ಕೆಲಸದಲ್ಲಿದ್ದಾಗಲೇ ಯಾರಿಗೆ ತೊಂದರೆಯಾಯಿತು ಎಂಬುದು ಗೊತ್ತಾಗುತ್ತದೆ. ಹಿಂದಿನ ದಿನ ಪ್ರತಿ ಶಾಖೆಗೂ ಫೋನ್ ಮಾಡಿ ಹೇಳಿ. ಟೆಂಡರ್ ನಡೆಯುವ ದಿನವನ್ನೂ ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯ ದಿನಗಳನ್ನೂ ಬಿಡಿ. ಲಿಂಕ್ ಹೋದದ್ದು ಸೈಫರಿನಿಂದಲೋ ಲೈನಿನ ಮೇಲೆ ಬಿದ್ದ ಮರದಿಂದಲೋ ಎಂದು ಆಗ ತಿಳಿಯುವುದಿಲ್ಲ. ಒಂದು ಗಂಟೆ ಸರಿಹೋದರೆ ಮುಂದಿನ ವಾರ ಒಂದು ಇಡೀ ದಿನ, ಅದರ ಮುಂದಿನ ತಿಂಗಳು ಪೂರ್ತಿಯಾಗಿ ತೆಗೆಯಿರಿ. ಆಗಲೇ ‘ರೆನೆಗ್-ಸೆಕ್’ ಸಾಲಿನ ಸೊನ್ನೆಯನ್ನೂ ಅಳಿಸಿ, ಗಂಟೆಗೊಮ್ಮೆ ಕೀಲಿ ಬದಲಾಗುವಂತೆ ಬಿಡಿ. ಟಿಎಲ್‌ಎಸ್‌ನ ಕನಿಷ್ಠ ಆವೃತ್ತಿ 1.2 ಇರಬೇಕೆಂದೂ ಬರೆಯಿರಿ, 1.0 ಮತ್ತು 1.1ನ್ನು ಆರ್‌ಎಫ್‌ಸಿ 8996 ಮೂಲಕ 2021ರಲ್ಲಿಯೇ ಕೈಬಿಡಲಾಗಿದೆ.

ಹೆಜ್ಜೆ 7: ಕೀಲಿ ಹುಟ್ಟುವ ಜಾಗ

ಇವತ್ತು ಬದಲಾಗುತ್ತಿರುವುದು ಮಾಹಿತಿಯನ್ನು ಮುಚ್ಚುವ ಸೈಫರಿಗಿಂತ ಹೆಚ್ಚಾಗಿ ಕೀಲಿಯನ್ನು ಹುಟ್ಟಿಸುವ ವಿಧಾನ. ಇಂದಿನ ದಟ್ಟಣೆಯನ್ನು ಹಿಡಿದಿಟ್ಟುಕೊಂಡು, ಮುಂದೆ ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದಾಗ ಬಿಡಿಸಿ ಓದಬಹುದು ಎಂಬ ಆತಂಕ ಅದಕ್ಕೆ ಕಾರಣ. ಖಾತೆ, ಸಾಲ, ಆಸ್ತಿಯ ದಾಖಲೆಗಳು ಇಪ್ಪತ್ತು ವರ್ಷ ಕಳೆದರೂ ಗುಟ್ಟಾಗಿಯೇ ಇರಬೇಕಾದವು. ಓಪನ್‌ಎಸ್‌ಎಸ್‌ಎಚ್ 2022ರ 9.0ರಿಂದಲೇ ಹಳೆಯ ಮತ್ತು ಹೊಸ ಗಣಿತ ಎರಡನ್ನೂ ಬೆಸೆದ ಕೀಲಿ ವಿನಿಮಯವನ್ನು ಪೂರ್ವನಿಯೋಜಿತವಾಗಿ ಬಳಸುತ್ತಿದೆ. ಅಮೆರಿಕದ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2024ರ ಆಗಸ್ಟಿನಲ್ಲಿ ಎಂಎಲ್-ಕೆಇಎಂ ಎಂಬ ಹೊಸ ಗಣಿತದ ವಿಧಾನವನ್ನು ಫಿಪ್ಸ್ 203 ಎಂಬ ಮಾನದಂಡವಾಗಿ ಪ್ರಕಟಿಸಿತು, 2025ರ ಓಪನ್‌ಎಸ್‌ಎಸ್‌ಎಚ್ 10.0 ಅದನ್ನೇ ಮೊದಲ ಆಯ್ಕೆಯಾಗಿಸಿತು. ಎರಡೂ ತುದಿಗಳನ್ನು ಹೊಸ ಆವೃತ್ತಿಗೆ ತಂದರೆ ಸಾಕು, ಕೈಯಿಂದ ಬರೆಯಬೇಕಾದ ಸಾಲು ಯಾವುದೂ ಇಲ್ಲ. ಕೀಲಿ ವಿನಿಮಯದ ಪಟ್ಟಿಯನ್ನು ಹಿಂದೆಂದೋ ಪೂರ್ತಿಯಾಗಿ ಬರೆದಿಟ್ಟಿದ್ದರೆ ಮಾತ್ರ ಆ ಸಾಲನ್ನು ಅಳಿಸಿ.

ಓಪನ್‌ವಿಪಿಎನ್‌ನಂತೆಯೇ ಸುರಂಗ ಕಟ್ಟುವ ವೈರ್‌ಗಾರ್ಡ್ ಬಗ್ಗೆಯೂ ಕೇಳುವವರಿದ್ದಾರೆ. 2020ರಲ್ಲಿ ಲಿನಕ್ಸ್ 5.6ರೊಳಗೆ ಸೇರಿದ ಈ ಸಾಫ್ಟ್‌ವೇರಿನಲ್ಲಿ ಆಯ್ಕೆಯೇ ಇಲ್ಲ. ಚಾಚಾ20-ಪಾಲಿ1305 ಒಂದೇ ಸೈಫರ್, ಅದು ಕೆಟ್ಟರೆ ಎಲ್ಲರೂ ಹೊಸ ಆವೃತ್ತಿಗೆ ಹೋಗಬೇಕು. ಮಾತುಕತೆಯೇ ಇಲ್ಲದ ಕಾರಣ ದುರ್ಬಲ ಸೈಫರಿಗೆ ಇಳಿಸುವ ದಾಳಿಗೆ ಅಲ್ಲಿ ಜಾಗವಿಲ್ಲ. ಹೊಸದಾಗಿ ಶುರುವಾಗುವ ಶಾಖೆಗೆ ನಾನು ವೈರ್‌ಗಾರ್ಡನ್ನೇ ಹಾಕುತ್ತೇನೆ. ಈಗಾಗಲೇ ಹತ್ತು ವರ್ಷದ ಹಳೆಯ ಸಾಧನಗಳಿರುವ ಕಡೆ, ಒಂದೊಂದನ್ನೇ ದಾಟಿಸಲು ಅನುವು ಮಾಡಿಕೊಡುವ ಓಪನ್‌ವಿಪಿಎನ್ ಮೇಲು.

ಹೆಜ್ಜೆ 8: ಕಾರಣವನ್ನು ಫೈಲಿನಲ್ಲಿಯೇ ಬರೆಯಿರಿ

ನಿಮ್ಮ ನಂತರ ಈ ಫೈಲನ್ನು ತೆರೆಯುವವರು ಖಾಲಿ ಜಾಗವನ್ನು ನೋಡಬಾರದು. ಸೈಫರ್ ಸಾಲಿನ ಮೇಲೆ ಟಿಪ್ಪಣಿಯ ಗುರುತು ಹಾಕಿ ನಾಲ್ಕು ವಾಕ್ಯ ಬರೆಯಿರಿ. ನಮ್ಮ ಸರ್ವರಿನಲ್ಲಿ ಈಗ ಇರುವ ಟಿಪ್ಪಣಿ ಹೀಗಿದೆ: “ಬ್ಲೋಫಿಶ್ ತೆಗೆದಿದ್ದು ಬ್ಲಾಕ್ 64 ಬಿಟ್ ಆದ್ದರಿಂದ, ಗೋದಾಮಿನ ಕ್ಯಾಮೆರಾದ ದಟ್ಟಣೆ ಹೆಚ್ಚು. ಎಇಎಸ್-256-ಸಿಬಿಸಿ ಉಳಿಸಿದ್ದು ಯಲ್ಲಾಪುರದ ಹಳೆಯ ರೂಟರಿಗಾಗಿ ಮಾತ್ರ, ಅದು ಬದಲಾದ ದಿನ ಇದನ್ನು ಅಳಿಸಿ. ಕುಮಟಾ ಪೆಟ್ಟಿಗೆಗೆ ಚಾಚಾ20 ಬೇಕು, ತೆಗೆಯಬೇಡಿ. ಈ ಪಟ್ಟಿಯನ್ನು ಪ್ರತಿ ವರ್ಷ ದೀಪಾವಳಿಯ ನಂತರದ ಸೋಮವಾರ ಮತ್ತೆ ನೋಡುವುದು.”